ಹನ್ನೊಂದು ಹೆಜ್ಜೆಯ ಪಾತ್ರ

ಮೈಕುವಿನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಕಂಪನಿಯವರು ಕೇಳಿದಾಗ ನನಗೆ ನಗು ಬಂತು. ಅವಳನ್ನು ಕಂಡರೆ ಹೊಟ್ಟೆ ಉರಿಯುವವರು ಸಾಲಾಗಿ ನಿಲ್ಲಿ ಎಂದರೆ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವಳು ನಾನು. ಇದು ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ನನ್ನನ್ನೇ ಕೇಳಿದರು. ಹನ್ನೆರಡು ವರ್ಷ ಅವಳ ಜೊತೆ ಒಂದೇ ಪಾತ್ರ ಹಂಚಿಕೊಂಡವಳು ನೀವೇ ತಾನೇ ಎಂದರು. ಸರಿ, ಬರೆಯುತ್ತೇನೆ. ಹೊಗಳಿಕೆ ಬೇಕಿದ್ದವರು ಬೇರೆ ಯಾರನ್ನಾದರೂ ಹಿಡಿಯಲಿ.

ನಮ್ಮದು ಹಾಡಿನ ನಾಟಕಗಳನ್ನು ಆಡುವ ಕಂಪನಿ. ಹೆಚ್ಚು ಓಡಿದ ನಾಟಕ ರೈಲ್ವೆ ಗೇಟು ಕಾಯುವ ಒಬ್ಬ ಕುಂಟ ಹುಡುಗಿಯದು. ದಿನಾ ಅದೇ ಹಳಿಯ ಮೇಲೆ ಹೋಗುವ ರೈಲಿನ ಡ್ರೈವರ್ ಅವಳನ್ನು ಇಷ್ಟಪಡುತ್ತಾನೆ. ಗೇಟಿನ ಪಕ್ಕ ಹಸಿರು ಬಾವುಟ ಹಿಡಿದು ನಿಂತವಳನ್ನಷ್ಟೇ ಅವನು ನೋಡಿದ್ದಾನೆ, ಅವಳು ನಡೆಯುವುದನ್ನು ನೋಡಿಲ್ಲ. ಕೊನೆಯ ದೃಶ್ಯದಲ್ಲಿ ರೈಲು ಕೆಟ್ಟು ನಿಲ್ಲುತ್ತದೆ, ಅವನು ಕೆಳಗಿಳಿಯುತ್ತಾನೆ, ಅವಳು ಗೇಟು ಬಿಟ್ಟು ಅವನ ಕಡೆಗೆ ನಡೆಯಬೇಕು. ಹನ್ನೊಂದು ಹೆಜ್ಜೆ. ಆಮೇಲೆ ಕೊನೆಯ ಹಾಡು.

ಆ ಹನ್ನೊಂದು ಹೆಜ್ಜೆ ನನ್ನವು. ಸೊಂಟ ಹೊರಗೆ ಹಾಕಿ, ಬಲಗಾಲು ಎಳೆದು, ಭುಜ ಒಮ್ಮೆ ಕೆಳಗೆ ಒಮ್ಮೆ ಮೇಲೆ. ಹೆಜ್ಜೆಗೊಂದರಂತೆ ಡ್ರಮ್ಮಿನ ಏಟು. ನಾಲ್ಕನೆಯ ಹೆಜ್ಜೆಗೆ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು, ಏಳನೆಯದಕ್ಕೆ ಚಪ್ಪಾಳೆ ಶುರು, ಹನ್ನೊಂದನೆಯದಕ್ಕೆ ಇಡೀ ಹಾಲ್ ಎದ್ದು ನಿಲ್ಲುತ್ತಿತ್ತು. ರಸ್ತೆಯಲ್ಲಿ ನೆಟ್ಟಗೆ ನಡೆದುಕೊಂಡು ಹೋದರೆ ಜನ ನಿರಾಸೆಯಿಂದ ನೋಡುತ್ತಿದ್ದರು. ಇಂಥ ಹೆಸರು ಸುಮ್ಮನೆ ಬರುವುದಿಲ್ಲ. ಕಂಪನಿಯ ಹಳೆಯ ನಟರೊಬ್ಬರು ಹೇಳಿಕೊಟ್ಟಂತೆ ಮೂರು ತಿಂಗಳು ಚಪ್ಪಲಿಯಲ್ಲಿ ಕಲ್ಲು ಹಾಕಿಕೊಂಡು ಅಭ್ಯಾಸ ಮಾಡಿದ್ದೆ.

ಒಂದೇ ಕೊರತೆ. ನನಗೆ ಹಾಡಲು ಬರುವುದಿಲ್ಲ. ನನ್ನ ದನಿ ಒಡಕು ಮಡಕೆ. ಹಾಗಾಗಿ ನಾನು ಬಾಯಿ ಆಡಿಸುವುದು, ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಮೈಕು ಹಾಡುವುದು. ಪರದೆಯ ಸಂದಿಯಿಂದ ಅವಳು ನನ್ನ ಬೆನ್ನನ್ನೇ ನೋಡುತ್ತಿರಬೇಕು. ನಾನು ಉಸಿರು ಎಳೆದು ಭುಜ ಎತ್ತಿದರೆ ಅವಳೂ ಉಸಿರು ಎಳೆದು ಸಾಲು ಎತ್ತಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ತಪ್ಪಲಿಲ್ಲ.

ಹಗಲಲ್ಲಿ ಅವಳ ಕೆಲಸ ಬಸ್ ನಿಲ್ದಾಣದಲ್ಲಿ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಗಾಜಿನ ಗೂಡಿನೊಳಗೆ ಕೂತು ಕೂಗುವುದು. ಮೈಕು ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವವರು, ಪ್ರೆಸ್ಸಿನ ಹಿಂದಿನ ಎರಡು ಕೋಣೆಯಲ್ಲಿ ಮನೆ. ಮೂರನೆಯ ವರ್ಷಕ್ಕೆ ಜ್ವರ ಬಂದು ಎಡಗಾಲು ಸಣಕಲಾಯಿತು. ಶಾಲೆಯಲ್ಲಿ ಯಾರೇ ದೊಡ್ಡವರು ಬರಲಿ, ಸ್ವಾಗತದ ಹಾಡು ಇವಳದೇ. ಆದರೆ ಅಂಗಳದಲ್ಲಿ ಸಾಲಾಗಿ ನಿಂತು ಬಾಯಿ ಆಡಿಸುವವರು ಬೇರೆ ಹುಡುಗಿಯರು, ಇವಳು ಹಾಡಬೇಕಾದದ್ದು ಹೆಡ್ ಮೇಷ್ಟ್ರ ಕೋಣೆಯೊಳಗಿಂದ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ತೀರಾ ಈಚೆಗೆ. ಮೊದಲು ನಾನು ಕೇಳಿರಲಿಲ್ಲ.

ಇನ್ನೊಂದು ವಿಷಯ ಹೇಳಿದರೆ ನೀವು ನಗುತ್ತೀರಿ. ಹನ್ನೆರಡು ವರ್ಷ ಕುಂಟಿಯ ಪಾತ್ರ ಮಾಡಿದ ನಾನು, ಹತ್ತಡಿ ದೂರದಲ್ಲೇ ಇದ್ದ ಮೈಕು ನಡೆಯುವುದನ್ನು ಒಂದು ದಿನವೂ ನೋಡಿರಲಿಲ್ಲ. ನಾವು ಬರುವ ಹೊತ್ತಿಗೆ ಅವಳು ಸ್ಟೂಲಿನ ಮೇಲೆ ಕಾಲಿಗೆ ಶಾಲು ಹೊದ್ದು ಕೂತಿರುತ್ತಿದ್ದಳು. ನಾವು ಹೊರಟಾಗಲೂ ಕೂತೇ ಇರುತ್ತಿದ್ದಳು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಾಳೆ, ಕೆಲಸದ ಮೇಲೆ ಎಂಥ ಶ್ರದ್ಧೆ ಎಂದು ನಾನೇ ಹೊಗಳಿದ್ದೆ.

ಇದೆಲ್ಲ ಸುಖವಾಗಿ ನಡೆಯುತ್ತಿದ್ದಾಗ ಹೊಸ ನಿರ್ದೇಶಕಿ ಬಂದಳು. ನಾಟಕ ಶಾಲೆಯಲ್ಲಿ ಓದಿದವಳು, ನನ್ನ ಮಗಳ ವಯಸ್ಸು. ಮೊದಲ ತಾಲೀಮಿನಲ್ಲಿ ನನ್ನ ಹನ್ನೊಂದು ಹೆಜ್ಜೆ ನೋಡಿದಳು, ಕೈ ಕಟ್ಟಿ ನಿಂತಳು, ಚಪ್ಪಾಳೆ ಹೊಡೆಯಲಿಲ್ಲ. ಹಾಡು ಶುರುವಾದಾಗ ಸೀದಾ ಹೋಗಿ ಪರದೆ ಸರಿಸಿದಳು. ಮೈಕು ಹಾಡು ನಿಲ್ಲಿಸಿ ಶಾಲು ಎಳೆದುಕೊಂಡಳು.

"ಎದ್ದು ಇಲ್ಲೀತನಕ ಬರ್ತೀರಾ?" ಎಂದಳು ನಿರ್ದೇಶಕಿ.

ಮೈಕು ಒಂದು ನಿಮಿಷ ನೆಲ ನೋಡಿದಳು. ಆಮೇಲೆ ಎದ್ದು ಬಂದಳು. ಪರದೆಯ ಕಂಬ, ಕುರ್ಚಿಯ ಬೆನ್ನು, ಡ್ರಮ್ಮಿನ ಅಂಚು, ಒಂದೊಂದನ್ನೂ ಯಾರಿಗೂ ಕಾಣದ ಹಾಗೆ ಮುಟ್ಟುತ್ತ, ಎಡಕ್ಕೆ ವಾಲುತ್ತ ಬಂದು ನಿಂತಳು.

"ಈ ಪಾತ್ರ ಇವರದು," ಎಂದಳು ನಿರ್ದೇಶಕಿ.

ನನ್ನ ಕಿವಿ ಬಿಸಿಯಾಯಿತು. "ಏನ್ ಮೇಡಂ, ಕಾಲು ಸರಿ ಇಲ್ಲದೋರ ಪಾತ್ರ ಕಾಲು ಸರಿ ಇಲ್ಲದೋರೇ ಮಾಡ್ಬೇಕಾ? ಹಾಗಾದ್ರೆ ಮುಂದಿನ ನಾಟಕದಲ್ಲಿ ಸಾಯೋ ಪಾತ್ರ ಇದೆ. ಹೆಣ ತರ್ಸ್ತೀರಾ?"

ಎಲ್ಲರೂ ನಕ್ಕರು. ನಿರ್ದೇಶಕಿ ನಗಲಿಲ್ಲ. "ಹೆಣಕ್ಕೆ ಹಾಡೋಕೆ ಬರಲ್ಲ, ಇವರಿಗೆ ಬರುತ್ತೆ. ಈ ಪಾತ್ರಕ್ಕೆ ಬೇಕಾದ ದನಿ, ಕಾಲು ಎರಡೂ ಒಬ್ಬರ ಹತ್ರಾನೇ ಇದೆ. ಅವರನ್ನ ಪರದೆ ಹಿಂದೆ ಕೂರ್ಸಿ, ಎರಡೂ ಇಲ್ಲದ ನಿಮ್ಮನ್ನ ಮುಂದೆ ನಿಲ್ಸಿದ್ದಾರೆ. ಯಾಕೆ ಅಂತ ನೀವೇ ಹೇಳಿ."

ನಾನು ಕಂಪನಿಯ ಯಜಮಾನರ ಕಡೆ ನೋಡಿದೆ. ಅವರು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ದಾರಿ ಹುಡುಕಿದರು. ನಾಲ್ಕು ಪ್ರದರ್ಶನ ಮೈಕು ಮಾಡಲಿ, ಜನ ಒಪ್ಪಿದರೆ ಪಾತ್ರ ಅವಳದು, ಒಪ್ಪದಿದ್ದರೆ ಮೊದಲಿನ ಹಾಗೆ ನನ್ನದು. ಅಲ್ಲಿಯವರೆಗೆ ನಾನು ಗೇಟಿನ ಹುಡುಗಿಯ ಅಕ್ಕನ ಪಾತ್ರ ಮಾಡಬೇಕು. ಅಕ್ಕನಿಗೆ ಮಾತು ಒಂಬತ್ತು. ಉಳಿದಂತೆ ಗೇಟಿನ ಕಂಬದ ಪಕ್ಕ ಲಾಟೀನು ಹಿಡಿದು ನಿಲ್ಲುವುದು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವರು, ಯಾವ ಮಾತನ್ನೂ ಒಂದೇ ಏಟಿಗೆ ಮುಗಿಸುತ್ತಾರೆ. "ಅಂದ್ರೆ, ನಿನ್ನ ಕಾಲು ಸರಿ ಇದೆ ಅಂತ ಕೆಲಸ ಹೋಯ್ತಾ?" ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ದನಿಯ ಮೇಲೆ ನನಗೆ ಮೊದಲಿಂದಲೂ ಹೊಟ್ಟೆಕಿಚ್ಚು ಇತ್ತು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಈಗ ಒಂದು ಸಣಕಲು ಕಾಲಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಬೈದರೂ ಅದು ಹೋಗಲಿಲ್ಲ.

ಮೊದಲ ಪ್ರದರ್ಶನ. ಕೊನೆಯ ದೃಶ್ಯದಲ್ಲಿ ಮೈಕು ಗೇಟು ಬಿಟ್ಟು ನಡೆದಳು. ಹನ್ನೊಂದು ಹೆಜ್ಜೆಯ ಬದಲು ಹದಿನಾಲ್ಕು ಆಯಿತು. ಒಂದು ಗಿಡ್ಡ, ಒಂದು ಉದ್ದ. ಡ್ರಮ್ಮಿನವನು ಮೂರು ಕಡೆ ಹೆಜ್ಜೆ ಬೀಳುವ ಮೊದಲೇ ಏಟು ಹೊಡೆದ. ಅವಳು ಡ್ರೈವರಿನ ಮುಖ ನೋಡಲೇ ಇಲ್ಲ, ನೆಲ ನೋಡಿದಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಕೇಳಿತು. ಆಟ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಹೆಂಡತಿಗೆ ಹೇಳುತ್ತಿದ್ದ. "ಹಳೇಯಮ್ಮ ಕುಂಟೋದು ನೋಡ್ಬೇಕಿತ್ತು ನೀನು. ಏನ್ ಕುಂಟು ಅದು! ಇವಳಿಗೆ ಕುಂಟೋಕೇ ಬರಲ್ಲ."

ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಉಂಡೆ.

ಎರಡನೆಯ ಪ್ರದರ್ಶನವೂ ಹಾಗೇ ಆಯಿತು. ಮರುದಿನ ಯಜಮಾನರು ನನ್ನನ್ನು ಒಳಗೆ ಕರೆದರು. "ನೋಡಮ್ಮ, ಆ ಮೇಡಂ ಮಾತು ಕೇಳಿ ನಾನು ಕೆಟ್ಟೆ. ಜನ ಕಾಗದ ಬರೀತಿದ್ದಾರೆ, ಈಯಮ್ಮ ಸರಿಯಾಗಿ ಕುಂಟಲ್ಲ ಅಂತ. ಇನ್ನೆರಡು ಆಟ ಇದೆ. ನೀನೇ ಸ್ವಲ್ಪ ಹೇಳ್ಕೊಡು. ಆಗಲ್ಲ ಅಂದ್ರೆ ನಿನ್ನ ಪಾತ್ರ ನಿಂಗೆ."

ಕುಂಟಿಗೆ ಕುಂಟುವುದನ್ನು ಹೇಳಿಕೊಡುವ ಕೆಲಸ ಲೋಕದಲ್ಲಿ ಇನ್ನಾರಿಗೂ ಬಂದಿರಲಾರದು. ನಾನು ಒಪ್ಪಿದೆ. ಸೋಲುವವಳನ್ನು ಹತ್ತಿರದಿಂದ ನೋಡುವ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೇಕೆಂದೇ ತಪ್ಪು ಹೇಳಿಕೊಡುವ ಯೋಚನೆ ಮಾತ್ರ ಬರಲಿಲ್ಲ. ನನ್ನ ಕುಂಟು ಎಷ್ಟು ಕಷ್ಟದ್ದು ಎಂದು ಅವಳಿಗೆ ಗೊತ್ತಾಗಬೇಕಿತ್ತು.

ಬಸ್ ನಿಲ್ದಾಣದಲ್ಲಿ ರಜೆ ಹಾಕಿ ಅವಳು ಬೆಳಿಗ್ಗೆ ಬಂದಳು. ಖಾಲಿ ಹಾಲ್, ಕುರ್ಚಿಗಳ ಮೇಲೆ ಬಟ್ಟೆ ಹೊದೆಸಿತ್ತು. ನನ್ನದು ಬಲಗಾಲಿನ ಕುಂಟು, ಅವಳದು ಎಡಗಾಲು. ಹಾಗಾಗಿ ಅವಳ ಎದುರಿಗೆ ಕನ್ನಡಿಯ ಹಾಗೆ ನಿಂತು ಶುರು ಮಾಡಿದೆ.

"ಸೊಂಟ ಹೊರಗೆ ಹಾಕು. ಇನ್ನೂ. ಕಾಲು ಎತ್ತಬೇಡ ಕಣೇ, ಎಳಿ. ಭುಜ ಬೀಳ್ಲಿ. ಈಗ ಅವನ ಮುಖ ನೋಡು."

ಮೈಕು ಮಾಡಿದಳು. ನಾಲ್ಕನೆಯ ಹೆಜ್ಜೆಗೆ ಹಲ್ಲು ಕಚ್ಚಿ ಸೊಂಟ ಹಿಡಿದುಕೊಂಡಳು. "ಅಕ್ಕಾ, ಇಷ್ಟೊಂದು ಕುಂಟಿದ್ರೆ ನಾನು ಇಷ್ಟು ವರ್ಷದಲ್ಲಿ ಬಸ್ ಸ್ಟ್ಯಾಂಡೇ ತಲುಪ್ತಿರ್ಲಿಲ್ಲ," ಎಂದು ನಕ್ಕಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮತ್ತೆ ನೀನು ಹೇಗೆ ನಡೀತೀಯ?"

"ನಾನಾ? ಎಲ್ಲಿ ಒದ್ದೆ ಇದೆ, ಎಲ್ಲಿ ಹಿಡ್ಕೊಳ್ಳೋಕೆ ಏನಿದೆ ಅಂತ ಮೊದಲೇ ನೋಡ್ಕೋತೀನಿ. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಹೋಗೋಕೆ ನೋಡ್ತೀನಿ. ಗೊತ್ತಾಗೇ ಆಗುತ್ತೆ ಅನ್ನಿ. ಆದ್ರೂ ನೋಡ್ತೀನಿ."

"ಇದು ನಾಟಕ. ಜನಕ್ಕೆ ಕಾಣ್ಬೇಕು."

"ಕಾಣ್ಲಿ ಅಕ್ಕಾ. ಆದ್ರೆ ಇಷ್ಟಪಟ್ಟೋನು ಎದುರಿಗೆ ನಿಂತಿದ್ದಾನೆ. ಅವನ ಮುಂದೆ ಯಾರಾದ್ರೂ ಇದ್ದದ್ದಕ್ಕಿಂತ ಜಾಸ್ತಿ ಕುಂಟ್ತಾರಾ? ಇರೋ ಜೀವಾನೆಲ್ಲ ಹಾಕಿ ನೆಟ್ಟಗೆ ನಡೆಯೋಕೆ ನೋಡ್ತಾರೆ."

ಹೀಗೆ ಹೇಳಿ ಅವಳು ವೇದಿಕೆಯ ಅಂಚಿನಲ್ಲಿ ಕೂತು ಒಂದು ಕತೆ ಹೇಳಿದಳು. ಒಬ್ಬ ಕಂಡಕ್ಟರ್ ಇದ್ದನಂತೆ. ಗಾಜಿನ ಗೂಡಿನ ಕಿಂಡಿಯಲ್ಲಿ ಚೀಟಿ ಕೊಡುವಾಗ, ನಿಮ್ಮ ದನಿ ಕೇಳಿದ್ರೆ ಬಸ್ಸು ಹೊರಡಿಸೋಕೇ ಮನಸ್ಸಾಗಲ್ಲ ಎನ್ನುತ್ತಿದ್ದನಂತೆ. ಒಂದು ವರ್ಷ ಅವನ ಬಸ್ಸು ನಿಂತಿರುವಷ್ಟು ಹೊತ್ತು ಇವಳು ಗೂಡಿನಿಂದ ಹೊರಗೆ ಬರಲಿಲ್ಲ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಬಂದಳು. ಮೂರನೆಯ ಅಂಕಣದವರೆಗೆ ಉಸಿರು ಬಿಗಿಹಿಡಿದು, ಆದಷ್ಟು ನೆಟ್ಟಗೆ ನಡೆದಳು. ಅವನು ನೋಡಿದ. ಓಡಿ ಬಂದು ಕೈ ಹಿಡಿದು ಬಸ್ಸು ಹತ್ತಿಸಿ, ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿ ಕೂರಿಸಿದ. "ತುಂಬ ಒಳ್ಳೆಯವನು ಅಕ್ಕಾ. ಅವತ್ತಿಂದ ನನ್ನನ್ನ ಅಮ್ಮ ಅಂತ ಕರೆಯೋಕೆ ಶುರು ಮಾಡ್ದ," ಎಂದಳು.

ನನಗೆ ಕರುಣೆ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚೇ, ಮೊದಲಿಗಿಂತ ಹೆಚ್ಚು. ಆ ಪಾತ್ರದ ಒಳಗನ್ನೆಲ್ಲ ಇವಳು ಬದುಕಿ ಮುಗಿಸಿದ್ದಳು. ನಾನು ಚಪ್ಪಲಿಯಲ್ಲಿ ಕಲ್ಲು ಹಾಕಿಕೊಂಡು ತಿರುಗಿದ್ದೆ. ಆ ಮಾತು ಬಾಯಿಬಿಟ್ಟು ಹೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. "ಕತೆ ಸಾಕು, ಏಳು," ಎಂದೆ.

"ಏಳ್ತೀನಿ. ನೀವು ಹೇಳಿದ ಹಾಗೇ ಮಾಡ್ತೀನಿ. ನಂಗೆ ಪಾತ್ರ ಬೇಕು ಅಕ್ಕಾ. ಪರದೆ ಹಿಂದೆ ಇನ್ನು ಕೂರಲ್ಲ."

ಐದು ದಿನದಲ್ಲಿ ಕಲಿತಳು. ಮೂರನೆಯ ಪ್ರದರ್ಶನದಲ್ಲಿ ಹನ್ನೊಂದೇ ಹೆಜ್ಜೆ, ಡ್ರಮ್ಮಿನ ಒಂದು ಏಟೂ ತಪ್ಪಲಿಲ್ಲ. ಏಳನೆಯ ಹೆಜ್ಜೆಗೆ ಚಪ್ಪಾಳೆ ಬಿತ್ತು, ಕೊನೆಗೆ ಜನ ಎದ್ದು ನಿಂತರು. ನಾನು ಹಿಂದೆ ಲಾಟೀನು ಹಿಡಿದು ನಿಂತು ನನ್ನ ನಡಿಗೆಯನ್ನು ಮೊದಲ ಬಾರಿಗೆ ಹೊರಗಿನಿಂದ ನೋಡಿದೆ. ನನ್ನ ಮೇಲೆ ಅದು ನಟನೆಯಾಗಿತ್ತು. ಅವಳ ಮೇಲೆ ಹಾಕಿದಾಗ ಬರೀ ಅಣಕವಾಗಿ ಕಂಡಿತು. ಬೀದಿಯಲ್ಲಿ ಪೋಲಿಗಳು ಕುಂಟರ ಹಿಂದೆ ಹೋಗುತ್ತ ಮಾಡುತ್ತಾರಲ್ಲ, ಅದೇ. ಇದನ್ನು ನಾನು ಹನ್ನೆರಡು ವರ್ಷ ಮಾಡಿದ್ದೆ, ಅವಳು ಪರದೆಯ ಸಂದಿಯಿಂದ ನೋಡುತ್ತ ಅದಕ್ಕೆ ದನಿ ಕೊಟ್ಟಿದ್ದಳು.

"ಭೇಷ್! ಈಗ ಬಂತು ನೋಡು ಕುಂಟೋಕೆ!" ಎಂದು ಯಜಮಾನರು ಒಳಗೆ ಬಂದು ಅವಳ ಬೆನ್ನು ತಟ್ಟಿದರು. ನಿರ್ದೇಶಕಿ ಚೀಲ ಎತ್ತಿಕೊಂಡು ಹೊರಟೇಹೋದಳು. ಮೈಕು ಗೋಡೆಗೆ ಒರಗಿ ಕೂತಿದ್ದಳು, ಸೊಂಟದ ಹತ್ತಿರ ಬಿಸಿನೀರಿನ ಬಾಟಲಿ. ಗೆದ್ದವಳ ಮುಖ ಅದಾಗಿರಲಿಲ್ಲ.

ನಾಲ್ಕನೆಯ ಪ್ರದರ್ಶನದ ದಿನ ನಾನು ಬೇಗ ಹೋದೆ. ಅವಳು ಕನ್ನಡಿಯ ಮುಂದೆ ಗೇಟಿನವಳ ಖಾಕಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಮೈಕು, ಇವತ್ತು ನಾನು ಹೇಳ್ಕೊಟ್ಟಿದ್ದು ಬಿಡು. ನಿನ್ನ ಹಾಗೆ ನಡಿ. ಡ್ರಮ್ಮಿನವನಿಗೆ ಹೊಡೀಬೇಡ ಅಂತ ಹೇಳ್ತೀನಿ."

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. "ಮೊದಲೆರಡು ಆಟ ನನ್ನ ಹಾಗೇ ನಡೆದೆ. ಜನ ಉಗಿದ್ರು."

"ಆಗ ಡ್ರಮ್ ಇತ್ತು. ಏಟಿಗೆ ಹೆಜ್ಜೆ ಸಿಗ್ಲಿಲ್ಲ ಅಂತ ನೀನೂ ಗಾಬರಿಯಾದೆ, ಅವರೂ ಗಾಬರಿಯಾದ್ರು."

"ಇವತ್ತೂ ಉಗಿದ್ರೆ ಪಾತ್ರ ನಿಮ್ಗೆ ಬರುತ್ತೆ ಅಕ್ಕಾ." ಗುಂಡಿ ಹಾಕುವ ಕೈ ನಿಂತಿತು. "ನಿಮ್ಮನ್ನ ನಂಬ್ಲಾ?"

ನಂಬು ಎನ್ನಲು ಬಾಯಿ ತೆರೆದೆ. ಆದರೆ ಅವಳ ಒಳ್ಳೆಯದಕ್ಕೆ ಹೇಳುತ್ತಿದ್ದೇನೋ, ಅವಳು ಸೋಲಲಿ ಎಂದು ಹೇಳುತ್ತಿದ್ದೇನೋ, ಆ ಹೊತ್ತಿನಲ್ಲಿ ನನಗೇ ಸರಿಯಾಗಿ ತಿಳಿಯಲಿಲ್ಲ.

"ಗೊತ್ತಿಲ್ಲ ಕಣೇ," ಎಂದೆ. "ನನ್ನನ್ನ ನಂಬ್ಬೇಡ. ನಿನ್ನ ಕಂಡಕ್ಟರ್ ಮುಂದೆ ಹೇಗೆ ನಡೆದ್ಯೋ ಅದನ್ನ ನಂಬು."

ಅವಳು ಉಳಿದ ಗುಂಡಿಗಳನ್ನು ಹಾಕಿಕೊಂಡಳು. ನಾನು ಹೋಗಿ ಹೇಳಿದಾಗ ಡ್ರಮ್ಮಿನವನು, "ಯಜಮಾನ್ರು ನನ್ನ ಚರ್ಮ ಸುಲೀತಾರೆ," ಎಂದು ಗೊಣಗಿ ಕೋಲುಗಳನ್ನು ಕುರ್ಚಿಯ ಕೆಳಗಿಟ್ಟ.

ಕೊನೆಯ ದೃಶ್ಯ ಬಂತು. ರೈಲು ನಿಂತಿತು, ಡ್ರೈವರ್ ಇಳಿದ. ಮೈಕು ಗೇಟಿನ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಜನ ಡ್ರಮ್ಮಿಗೆ ಕಾದರು. ಅವಳು ನೆಲವನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ಕೋಟು ಕೆಳಗೆ ಎಳೆದು ಸರಿಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು. ಆಮೇಲೆ ನಡೆದಳು. ಏನೂ ಆಗಿಲ್ಲ ಎಂಬಂತೆ, ಎಲ್ಲರ ಹಾಗೆ ನಡೆಯುವವಳಂತೆ. ಮೂರು ಹೆಜ್ಜೆ ಹಾಗೇ ಹೋದವು. ನಾಲ್ಕನೆಯದಕ್ಕೆ ಕಾಲು ಅವಳ ಮಾತು ಕೇಳಲಿಲ್ಲ. ಪಕ್ಕಕ್ಕೆ ವಾಲಿದಳು, ಹಿಡಿಯಲು ಏನೂ ಇರಲಿಲ್ಲ, ತಾನಾಗಿಯೇ ಸುಧಾರಿಸಿಕೊಂಡಳು. ಡ್ರೈವರಿನ ಪಾತ್ರದವನಿಗೆ ಪಾತ್ರ ಮರೆತೇ ಹೋಯಿತು, ಹಿಡಿಯಲು ಎರಡು ಹೆಜ್ಜೆ ಮುಂದೆ ಬಂದುಬಿಟ್ಟ.

"ಬರ್ಬೇಡ," ಎಂದಳು ಮೈಕು. ನಾಟಕದಲ್ಲಿ ಇಲ್ಲದ ಮಾತು. ಮೆಲ್ಲಗೆ ಹೇಳಿದಳು, ಆದರೆ ಬಸ್ ನಿಲ್ದಾಣದ ದನಿ ಅದು, ಕೊನೆಯ ಸಾಲಿಗೂ ಕೇಳಿತು. ಅವನು ಅಲ್ಲೇ ನಿಂತ. ಅವಳು ಮತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ಉಳಿದದ್ದನ್ನು ನಡೆದಳು. ಎಷ್ಟು ಹೆಜ್ಜೆಯಾಯಿತೋ ಯಾರೂ ಎಣಿಸಲಿಲ್ಲ. ಹಾಡು ಎತ್ತಿಕೊಂಡಾಗ ಅವಳಿಗೆ ಏದುಸಿರು. ಸ್ಟೂಲಿನ ಮೇಲೆ ಕೂತು ಹಾಡುತ್ತಿದ್ದ ಆ ನುಣುಪು ದನಿ ಇರಲಿಲ್ಲ, ಒಂದೊಂದು ಮಾತನ್ನೂ ಹೊತ್ತು ತಂದು ಇಡುತ್ತಿದ್ದಳು.

ಪರದೆ ಬಿತ್ತು. ಚಪ್ಪಾಳೆ ಇಲ್ಲ. ಒಂದು ಕೆಮ್ಮೂ ಇಲ್ಲ.

ಯಜಮಾನರು ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಓಡಿ ಬಂದರು. "ಮುಳುಗಿಸಿಬಿಟ್ಲು! ಒಬ್ಬನೂ ಚಪ್ಪಾಳೆ ಹೊಡೀಲಿಲ್ಲ ನೋಡು. ಮುಂದಿನ ವಾರದಿಂದ ನೀನೇ ಮಾಡಮ್ಮ."

ನಾನು ಪರದೆಯ ಸಂದಿಯಿಂದ ನೋಡಿದೆ. ಜನ ಎದ್ದಿರಲಿಲ್ಲ. ಆ ದಪ್ಪ ಮನುಷ್ಯ ಮತ್ತೆ ಬಂದಿದ್ದ, ಕೈಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದ. ಹನ್ನೆರಡು ವರ್ಷ ಇದೇ ಜನ ನನಗೆ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಯಾರೊಬ್ಬರೂ ಒಂದು ದಿನವೂ ಚಪ್ಪಾಳೆ ಹೊಡೆಯಲು ಮರೆತಿರಲಿಲ್ಲ. ಆಗ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ಯಾವ ಮಾತಿನಲ್ಲಿ ಹೇಳಲಿ?

"ನಾನು ಮಾಡಲ್ಲ ಯಜಮಾನ್ರೇ," ಎಂದೆ. "ಜನ ಒಪ್ಪಿದ್ದಾರೆ. ಹೋಗಿ ಅವರ ಮುಖ ನೋಡಿ."

ಹೇಳಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಕೈಗೆ ಬಂದ ತುತ್ತನ್ನು ನಾನೇ ಕೆಳಗೆ ಹಾಕಿದ್ದೆ. ಮನೆಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಗಂಡ ಹೊರಗಿಂದ, "ಈಗ ಯಾವ ಪಾತ್ರ?" ಎಂದು ಕೇಳಿದರು.

ಇದಾಗಿ ಮೂರು ವರ್ಷ. ಪಾತ್ರ ಮೈಕುವಿನದೇ. ಬಸ್ ನಿಲ್ದಾಣದ ಕೆಲಸ ಬಿಟ್ಟಿಲ್ಲ. ಈಗ ತಾಲೀಮಿಗೆ ಎಲ್ಲರ ಹಾಗೆ ತಡವಾಗಿ ಬರುತ್ತಾಳೆ, ನಿರ್ದೇಶಕಿಯಿಂದ ಬೈಸಿಕೊಳ್ಳುತ್ತಾಳೆ. ನನ್ನನ್ನು ಹೊಗಳುವುದಿಲ್ಲ, ನಾನೂ ಅವಳನ್ನು ಹೊಗಳುವುದಿಲ್ಲ. ಅಕ್ಕನ ಪಾತ್ರಕ್ಕೆ ಈಗ ಹದಿನೈದು ಮಾತುಗಳಿವೆ, ಜಗಳ ಮಾಡಿ ಹೆಚ್ಚಿಸಿಕೊಂಡಿದ್ದೇನೆ.

ಕೊನೆಯ ದೃಶ್ಯದಲ್ಲಿ ಅವಳು ಗೇಟು ಬಿಟ್ಟು ಹೊರಟ ಕೂಡಲೇ, ಇವತ್ತು ಬಿದ್ದುಬಿಡಲಿ ಎಂದು ನನ್ನ ಮನಸ್ಸು ಹೇಳುತ್ತದೆ. ಪ್ರತಿ ಆಟದಲ್ಲೂ ಹೇಳುತ್ತದೆ. ಅದೇ ಹೊತ್ತಿಗೆ ನನ್ನ ಕಾಲು ಯಾರೂ ಹೇಳದೆಯೇ ಒಂದು ಹೆಜ್ಜೆ ಮುಂದೆ ಹೋಗಿ ನಿಂತಿರುತ್ತದೆ, ಬಿದ್ದರೆ ಹಿಡಿಯುವಷ್ಟು ಹತ್ತಿರ. ನಿರ್ದೇಶಕಿ ಎಷ್ಟು ಸಲ ಬೈದರೂ ಇದು ತಪ್ಪಿಲ್ಲ. ನಿನ್ನೆಯೂ ಹಾಗೇ ಹೋಗಿ ನಿಂತಿದ್ದೆ. ಅವಳು ಬೀಳಲಿಲ್ಲ.